ಮಸೂದೆ ತಲುಪುವ ಮನೆ

ಕರ್ನಾಟಕ ವಿಧಾನಸಭೆಯಲ್ಲಿ ಮಂಡನೆಯಾದ ಯಾವುದಾದರೂ ವಿಧೇಯಕದ ಪ್ರತಿ ಕೈಗೆ ಸಿಕ್ಕರೆ ಅದರ ಕೊನೆಯ ಪುಟಗಳನ್ನು ತಪ್ಪದೆ ಓದಬೇಕು. ಖಂಡಗಳೆಲ್ಲ ಮುಗಿದ ಮೇಲೆ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಅದರ ಕೆಳಗೆ ಆರ್ಥಿಕ ಜ್ಞಾಪನ ಪತ್ರ. ಈ ಕಾನೂನಿನಿಂದ ಬೊಕ್ಕಸಕ್ಕೆ ಎಷ್ಟು ಹೊರೆ ಬೀಳುತ್ತದೆಂದು ಸರ್ಕಾರ ಸದನಕ್ಕೆ ಲೆಕ್ಕ ಒಪ್ಪಿಸುವ ಜಾಗ ಅದು. ಎಷ್ಟೋ ವಿಧೇಯಕಗಳಲ್ಲಿ ಅಲ್ಲಿರುವುದು ಒಂದೇ ಸಾಲು: ಹೆಚ್ಚುವರಿ ವೆಚ್ಚವೇನೂ ಇಲ್ಲ. ಸರ್ಕಾರದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಆ ಕಾನೂನು ಯಾರ ಮೇಲೆ ಬಂದು ಬೀಳುತ್ತದೋ ಅವರ ಕೈಯಿಂದ ಎಷ್ಟು ಹೋಗುತ್ತದೆ, ಎಷ್ಟು ದಿನದ ಕೆಲಸ ಕೆಡುತ್ತದೆ, ಎಷ್ಟು ರಾತ್ರಿಯ ನಿದ್ದೆ ಹೋಗುತ್ತದೆ ಎಂದು ಬರೆಯಲು ವಿಧೇಯಕದಲ್ಲಿ ಎಲ್ಲಿಯೂ ಜಾಗವಿಲ್ಲ.

ಆ ಬರೆಯದ ಲೆಕ್ಕ ಎಷ್ಟಿರುತ್ತದೆ ಎನ್ನುವುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಚೆನ್ನಾಗಿ ಬಲ್ಲರು. ಮೂರೂ ತಾಲ್ಲೂಕುಗಳು ಒಂದೇ ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. 224 ಜನರ ಸದನದಲ್ಲಿ ಇಷ್ಟು ದೊಡ್ಡ ಕಾಡುನಾಡಿಗೆ ಒಂದೇ ದನಿ.

ಬೆಂಗಳೂರಿನ ಸುತ್ತ ಕೆರೆ, ಗೋಮಾಳ, ಸರ್ಕಾರಿ ಜಮೀನುಗಳನ್ನು ಬಲಾಢ್ಯರು ನುಂಗಿ ಬಡಾವಣೆ ಮಾಡಿ ಮಾರುತ್ತಿದ್ದ ಕಾಲದಲ್ಲಿ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಅದನ್ನೆಲ್ಲ ತನಿಖೆ ಮಾಡಿ 2007ರಲ್ಲಿ ವರದಿ ಕೊಟ್ಟಿತು. ಹೆಸರು ಹಿಡಿದು, ಸರ್ವೆ ನಂಬರು ಹಿಡಿದು ಮಾಡಿದ ಧೈರ್ಯದ ಕೆಲಸ. ಇಂಥವರನ್ನು ಶಿಕ್ಷಿಸಲು ಪ್ರತ್ಯೇಕ ಕಾನೂನು ಬೇಕೆಂಬ ಕೂಗು ಅಲ್ಲಿಂದ ಎದ್ದಿತು. ಹಾಗೆ ಬಂದದ್ದೇ 2011ರ ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆ. ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2014ರಲ್ಲಿ. ಆಮೇಲೆ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಆಯಿತು. ಒಂದರಿಂದ ಮೂರು ವರ್ಷದವರೆಗೆ ಜೈಲು. ಜಮೀನು ಸರ್ಕಾರದ್ದೆಂದು ಮೇಲ್ನೋಟಕ್ಕೆ ಕಂಡುಬಂದರೆ ತಾನು ಕಬಳಿಸಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯದೇ. ಕೆರೆ ನುಂಗಿದವನ ಮುಖವನ್ನು ಕಣ್ಣೆದುರು ಇಟ್ಟುಕೊಂಡು ನೋಡಿದರೆ ಇದರಲ್ಲಿ ಹೆಚ್ಚೆನಿಸುವುದು ಏನೂ ಇಲ್ಲ.

ಆದರೆ ಕಾಯ್ದೆ ಬೆಂಗಳೂರಿಗೆ ನಿಲ್ಲಲಿಲ್ಲ. ಅದರ ಸಮನ್ಸು ಘಟ್ಟದ ತಪ್ಪಲಿನ ಮನೆಗಳ ಜಗುಲಿಗೂ ಬಂತು.

ಯಾರಿಗೆ ಬಂತು ಎಂದು ನೋಡಬೇಕು. ಮುಕ್ಕಾಲು ಎಕರೆ ಅಡಿಕೆ ತೋಟ, ಅದರ ಅಂಚಿಗೆ ತಂದೆಯ ಕಾಲದಲ್ಲಿ ಸವರಿ ಹಾಕಿದ ಅರ್ಧ ಎಕರೆ ಕಾಫಿ. ಅಥವಾ ತೋಟದ ಕೂಲಿಗೆ ಬಂದು ಸರ್ಕಾರಿ ಜಾಗದಲ್ಲಿ ಗುಡಿಸಲು ಕಟ್ಟಿ, ಹಿತ್ತಿಲಲ್ಲಿ ನಾಲ್ಕು ಬಾಳೆ ನೆಟ್ಟವರು. ಇವರ ಕಡೆಯವರು ಬಗರ್‌ಹುಕುಂ ಅರ್ಜಿ ಹಾಕಿಕೊಂಡೇ ಬಂದವರು. ನಮೂನೆ 50, ಆಮೇಲೆ ನಮೂನೆ 53, ಆಮೇಲೆ ನಮೂನೆ 57. ಭೂಕಂದಾಯ ಕಾಯ್ದೆಗೆ ಸದನವೇ ತಿದ್ದುಪಡಿ ತಂದು ಕರೆದ ಅರ್ಜಿಗಳು ಅವು. ಇಂತಿಷ್ಟು ವರ್ಷದಿಂದ ಸರ್ಕಾರಿ ಜಮೀನು ಉಳುತ್ತಿದ್ದೇನೆ, ಮಂಜೂರು ಮಾಡಿ ಎಂದು ಬರೆದು, ಸಹಿ ಹಾಕಿ, ತಾಲ್ಲೂಕು ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ಪಹಣಿಯ ಜೊತೆ ಇಟ್ಟುಕೊಂಡವರಿದ್ದಾರೆ. ಒಂದು ಕಾಯ್ದೆ ಬಾ, ಅರ್ಜಿ ಕೊಡು ಎಂದು ಕರೆಯಿತು. ಇನ್ನೊಂದು ಕಾಯ್ದೆ ಅದೇ ಜಮೀನಿಗಾಗಿ ಬಾ, ಕಟಕಟೆ ಹತ್ತು ಎಂದಿತು. ಎರಡನ್ನೂ ಮಾಡಿದ್ದು ಒಂದೇ ಸದನ. ಎರಡೂ ಕಾಗದ ಬಂದದ್ದು ಒಂದೇ ಮನೆಗೆ.

ಕೊಪ್ಪದಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್. ರಾತ್ರಿ ಬಸ್ಸಿಗೆ ಹೊರಟರೆ ಬೆಳಗಾಗುವಾಗ ಮೆಜೆಸ್ಟಿಕ್. ಹಲ್ಲುಜ್ಜಿ ಮುಖ ತೊಳೆಯಲು ಜಾಗ ಹುಡುಕಬೇಕು, ವಕೀಲರನ್ನು ಹುಡುಕಬೇಕು, ತನ್ನ ಹೆಸರು ಕೂಗುವವರೆಗೆ ಕಾಯಬೇಕು, ಮುಂದಿನ ತಾರೀಕು ಬರೆದುಕೊಂಡು ಮತ್ತೆ ರಾತ್ರಿ ಬಸ್ಸು ಹತ್ತಬೇಕು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಯಲು ಹೊಳವಾಗುವುದು ಎಲ್ಲೋ ಒಂದೆರಡು ದಿನ. ಕೊನೆಗಾರ ಸಿಗುವುದು ಅವನ ಪಾಳಿಯ ದಿನ ಮಾತ್ರ. ಆ ದಿನವೇ ಕೋರ್ಟಿನ ತಾರೀಕಾದರೆ ಕೊಳೆ ಬಂದು ಗೊನೆ ಉದುರುತ್ತದೆ. ವರ್ಷದ ದುಡಿಮೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಆರ್ಥಿಕ ಜ್ಞಾಪನ ಪತ್ರದಲ್ಲಿ ಬರೆಯದ ವೆಚ್ಚ ಎಂದೆನಲ್ಲ, ಅದು ಇದೇ.

ಕೊನೆಗೆ ಮಲೆನಾಡಿನ ಕೂಗು ಸದನಕ್ಕೆ ಮುಟ್ಟಿತು. ಹಳ್ಳಿಗಾಡಿನ ಸಾಗುವಳಿದಾರರನ್ನು ಈ ಕಾಯ್ದೆಯ ಹಿಡಿತದಿಂದ ಬಿಡಿಸಲೆಂದು 2022ರಲ್ಲಿ ತಿದ್ದುಪಡಿ ಬಂತು. ತಪ್ಪು ತಿದ್ದಿಕೊಂಡ ಸದನಕ್ಕೆ ಕೃತಜ್ಞತೆ ಸಲ್ಲಬೇಕು. ಆದರೂ ಕೇಳಬೇಕಾದ ಪ್ರಶ್ನೆ ಉಳಿದೇ ಇದೆ. ಮೂಲ ವಿಧೇಯಕ ಮೊದಲ ಸಲ ಸದನಕ್ಕೆ ಬಂದ ದಿನ, ಇದು ಬೆಂಗಳೂರಿನ ಬಡಾವಣೆಗಾರನಿಗೆ ಸರಿ, ನಮ್ಮ ಕಡೆಯ ಅರ್ಧ ಎಕರೆಯವನಿಗೆ ಏನು ಗತಿ ಎಂದು ಯಾರಾದರೂ ಒಂದು ಖಂಡದ ಎದುರು ಬೆರಳಿಟ್ಟು ನಿಲ್ಲಿಸಿದ್ದರೆ ಇಷ್ಟು ವರ್ಷದ ಅಲೆದಾಟ ಇರುತ್ತಿರಲಿಲ್ಲ.

ಹಾಗೆ ಕೇಳಿ ಮಾಡಿದ ಕಾನೂನೂ ನಮ್ಮಲ್ಲಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ಈ ಮೂರು ತಾಲ್ಲೂಕಿನ ಹಳಬರು ಇಂದಿಗೂ ಅದರ ಫಾರಂ ನಂಬರಿನಿಂದ ನೆನೆಯುತ್ತಾರೆ. ಏಳನೇ ನಂಬರ್ ಫಾರಂ. ‘ಡಿಕ್ಲರೇಷನ್ ಹಾಕಿದ್ವಿ’ ಎಂದರೆ ಸಾಕು, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದರ ಹಿಂದೆ 1951ರ ಕಾಗೋಡು ಸತ್ಯಾಗ್ರಹ ಇತ್ತು, ತೀರ್ಥಹಳ್ಳಿ ಕಡೆಯ ಕಡಿದಾಳು ಮಂಜಪ್ಪನವರು ಗೇಣಿದಾರರ ಪರ ಮಾಡಿದ ಶಾಸನದ ಕೆಲಸ ಇತ್ತು, 1961ರ ಮೂಲ ಕಾಯ್ದೆ ಇತ್ತು, ದೇವರಾಜ ಅರಸರ ಹಟ ಇತ್ತು. ನನ್ನನ್ನು ಹೆಚ್ಚು ತಟ್ಟುವುದು ಆ ಕಾನೂನಿನ ಘೋಷಣೆಗಿಂತ ಅದರ ವ್ಯವಸ್ಥೆ. ಭೂ ನ್ಯಾಯಮಂಡಳಿ ಇದ್ದದ್ದು ತಾಲ್ಲೂಕಿನ ಮಟ್ಟದಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಉಳಿದ ನಾಲ್ವರು ನಾಮಕರಣಗೊಂಡವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರು ಮಂಡಳಿಯೆದುರು ನಿಲ್ಲುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಒಡೆಯರ ಎದುರು ಅಂಗಳದಲ್ಲಿ ನಿಂತೇ ಮಾತಾಡಿ ಗೊತ್ತಿದ್ದವನು, ದುಡ್ಡಿದ್ದವನ ವಕೀಲನಿಗೆ ಹೆದರದೆ, ನಡೆದು ಹೋಗಿ ತನ್ನ ಬಾಯಲ್ಲೇ ‘ಈ ಗದ್ದೆ ನಾನು ಮಾಡಿದ್ದು’ ಎನ್ನಬೇಕೆಂಬುದು ಆ ಕಾನೂನಿನ ಆಸೆ. ಕಾನೂನು ಬರೆದವರ ಕಣ್ಣೆದುರು ಆ ಗೇಣಿದಾರ ನಿಂತಿದ್ದ. ಅವನು ಎಷ್ಟು ದೂರ ನಡೆಯಬಲ್ಲ, ಯಾರಿಗೆ ಹೆದರುತ್ತಾನೆ, ಎಲ್ಲಿ ತಡವರಿಸುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಅರ್ಜಿ ಕೊಡಲು ಕೊನೆಗೆ 1979ರ ಜೂನ್ 30ರವರೆಗೂ ಅವಕಾಶ ಸಿಕ್ಕಿತು.

ಆ ಕಾನೂನಿಗೂ ಕಾಣದ ಮನೆಗಳಿದ್ದವು ಎನ್ನುವುದನ್ನು ಮುಚ್ಚಿಡಬಾರದು. ಗೇಣಿಗೆ ಕೊಡಲು ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇತ್ತು. ಗಂಡ ಸತ್ತು, ಉಳುವವರಿಲ್ಲದೆ, ಇದ್ದ ಎರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸಿಗೆ ಇರಲಿಲ್ಲ. ನೂರಾರು ಎಕರೆಯ ಒಡೆಯನೂ ಆಕೆಯೂ ಕಾಯ್ದೆಯ ಲೆಕ್ಕದಲ್ಲಿ ಒಂದೇ: ಭೂಮಾಲೀಕರು. ಶೃಂಗೇರಿ, ಕೊಪ್ಪದ ಅಗ್ರಹಾರದ ಮನೆಗಳಲ್ಲಿ ಆ ನೋವು ಎರಡು ತಲೆಮಾರು ದಾಟಿಯೂ ಆರಿಲ್ಲ. ಲಕ್ಷಾಂತರ ಗೇಣಿದಾರರಿಗೆ ನ್ಯಾಯ ಕೊಟ್ಟ ಕಾನೂನು ಬೇಡವಿತ್ತೆಂದು ನಾನು ಖಂಡಿತ ಹೇಳಲಾರೆ. ಅದು ಬಂದದ್ದೇ ಈ ನಾಡಿನ ಪುಣ್ಯ. ಆದರೆ ಅಂಥ ಕಾನೂನಿನಲ್ಲೂ ಒಂದು ಉಪಖಂಡ ಹೆಚ್ಚಿಗೆ ಬರೆದಿದ್ದರೆ ಆ ಹೆಂಗಸಿನ ಅಕ್ಕಿ ಉಳಿಯುತ್ತಿತ್ತು, ಗೇಣಿದಾರನ ನ್ಯಾಯಕ್ಕೆ ಕುಂದೂ ಬರುತ್ತಿರಲಿಲ್ಲ. ಒಳ್ಳೆಯ ಉದ್ದೇಶ ಇದ್ದರೆ ಸಾಲದು. ಆ ಉದ್ದೇಶದ ಬೆಳಕು ಬೀಳದ ಮೂಲೆಯಲ್ಲಿ ಯಾರು ಕೂತಿದ್ದಾರೆಂದು ಹುಡುಕುವುದೂ ಶಾಸಕನ ಧರ್ಮವೇ.

ಹುಡುಕಲೆಂದೇ ಸದನದ ನಿಯಮಗಳಲ್ಲಿ ಹಂತಗಳನ್ನು ಇಟ್ಟಿದ್ದಾರೆ. ಮಂಡನೆ, ಪರ್ಯಾಲೋಚನೆ, ಖಂಡವಾರು ಚರ್ಚೆ, ಅಂಗೀಕಾರ. ಆಮೇಲೆ ಇನ್ನೊಂದು ಮನೆ, ಆಮೇಲೆ ರಾಜ್ಯಪಾಲರು. ಹಳೆ ಮೈಸೂರಿನಲ್ಲಿ ಇದಕ್ಕೂ ಮೊದಲಿನ ಒಂದು ಮೆಟ್ಟಿಲಿತ್ತು. ದಿವಾನ್ ರಂಗಾಚಾರ್ಲು 1881ರಲ್ಲಿ ದಸರೆಯ ಹೊತ್ತಿಗೆ ಸೇರಿಸಿದ ಪ್ರಜಾಪ್ರತಿನಿಧಿ ಸಭೆಗೆ ಮೊದಮೊದಲು ಅಹವಾಲು ಹೇಳಿಕೊಳ್ಳುವುದಷ್ಟೇ ಸಾಧ್ಯವಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಕಾಯ್ದೆಯ ಮೇಲೆ, ತುರ್ತು ಸಂದರ್ಭ ಬಿಟ್ಟರೆ, ವಿಧೇಯಕವನ್ನು ನ್ಯಾಯವಿಧಾಯಕ ಸಭೆಗೆ ತರುವ ಮುನ್ನ ಅದರ ಮೂಲ ತತ್ವವನ್ನು ಪ್ರಜಾಪ್ರತಿನಿಧಿ ಸಭೆಯ ಮುಂದಿಟ್ಟು ಅಭಿಪ್ರಾಯ ಕೇಳಬೇಕಾಯಿತು. ಮತದಾನದ ಹಕ್ಕು ಕೆಲವರಿಗಷ್ಟೇ ಇದ್ದ ರಾಜರ ಆಳ್ವಿಕೆಯಲ್ಲೂ ಬರೆಯುವ ಮೊದಲು ಕೇಳಬೇಕೆಂಬ ಕಟ್ಟಳೆ ಇತ್ತೆಂಬುದು ಇವತ್ತಿನ ನಮಗೆ ಪಾಠವಾಗಬೇಕು.

ಇವತ್ತು ಆಗುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ವಿರೋಧ ಪಕ್ಷದವರು ಬಾವಿಗಿಳಿದು ಘೋಷಣೆ ಕೂಗುತ್ತಿರುತ್ತಾರೆ, ಮಂತ್ರಿಗಳು ವಿಧೇಯಕದ ಹೆಸರು ಓದುತ್ತಾರೆ, ಹೌದು ಎನ್ನುವವರ ಧ್ವನಿ ಹೆಚ್ಚಾಗಿದೆ ಎಂದು ಪೀಠ ಹೇಳುತ್ತದೆ, ವಿಧೇಯಕ ಅಂಗೀಕಾರವಾಗುತ್ತದೆ. 2020ರ ಡಿಸೆಂಬರಿನಲ್ಲಿ ಜಾನುವಾರು ಹತ್ಯೆ ನಿಷೇಧದ ವಿಧೇಯಕ ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ಪಾಸಾಯಿತು. 2025ರ ಮಾರ್ಚ್ 21ರಂದು ಶಾಸಕರ, ಮಂತ್ರಿಗಳ ವೇತನ ಹೆಚ್ಚಿಸುವ ವಿಧೇಯಕಗಳೂ ಹಾಗೆಯೇ ಪಾಸಾದವು. ಅದೇ ದಿನ 18 ಜನ ಶಾಸಕರು ಅಮಾನತಾದರು. ಆಳುವ ಪಕ್ಷ ಬೇರೆ ಬೇರೆ, ರೂಢಿ ಒಂದೇ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ಇಡೀ ನಾಡು ಟಿವಿಯಲ್ಲಿ ನೋಡಿತು. ಅದೇ ತಿಂಗಳ 28ರಂದು ಅವರು ತೀರಿಕೊಂಡರು. ಆ ದೃಶ್ಯ ನೆನಪಾದಾಗಲೆಲ್ಲ ಸಭ್ಯತೆಯ ಜೊತೆಗೆ ನಾವು ಕಳೆದುಕೊಂಡ ಇನ್ನೊಂದನ್ನೂ ನೆನೆಯುತ್ತೇನೆ: ಖಂಡ ಖಂಡವಾಗಿ ಓದಿ, ಇದು ಯಾರ ಮನೆಗೆ ಹೋಗುತ್ತದೆ ಎಂದು ಕೇಳುವ ಹೊತ್ತು.

ಹಾಗೆ ಕೇಳಿ ಬರೆದದ್ದು ಹೇಗಿರುತ್ತದೆಂದು ತಿಳಿಯಲು 1964ರ ಭೂಕಂದಾಯ ಕಾಯ್ದೆಯ 79ನೇ ಪ್ರಕರಣವನ್ನು ಬಿಡುವಾದಾಗ ಯಾರಾದರೂ ಓದಬೇಕು. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಬಾಣೆ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನ ಬೆಟ್ಟ, ಹೀಗೆ ಒಂದೊಂದು ಸೀಮೆಯವರು ಕಾಡಂಚಿನಿಂದ ಪಡೆಯುತ್ತಿದ್ದ ಸೌಲಭ್ಯಗಳನ್ನು ಹೆಸರು ಹೇಳಿ ಉಳಿಸಿದ ಪ್ರಕರಣ ಅದು. ಏಕೀಕರಣವಾಗಿ ಹತ್ತು ವರ್ಷವೂ ಆಗಿರಲಿಲ್ಲ. ಐದು ಆಡಳಿತಗಳ ಕಾನೂನನ್ನು ಒಂದು ಮಾಡುವ ಅವಸರದಲ್ಲೂ ಆ ಸದನ ಕೊಟ್ಟಿಗೆಗೆ ಸೊಪ್ಪು ತರುವವನನ್ನು, ದರಗು ಗುಡಿಸುವವಳನ್ನು ಮರೆಯಲಿಲ್ಲ. ಇವತ್ತು ಅದೇ ಸೊಪ್ಪಿನ ಬೆಟ್ಟ ಯಾವುದೋ ಪಟ್ಟಿಯಲ್ಲಿ ಡೀಮ್ಡ್ ಫಾರೆಸ್ಟ್, ಇನ್ನೊಂದು ಪಟ್ಟಿಯಲ್ಲಿ ಅರಣ್ಯ ಕಾಯ್ದೆಯ ಸೆಕ್ಷನ್ ನಾಲ್ಕು. ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಹಗ್ಗಜಗ್ಗಾಟ. ಸೊಪ್ಪಿಗೆ ಹೋದವನು ಯಾರ ಜಾಗದಲ್ಲಿ ನಿಂತಿದ್ದಾನೆಂದು ಅವನಿಗೇ ತಿಳಿಯದು.

ಇನ್ನು ನಿರ್ಣಯಗಳ ಮಾತು. ವಿಧೇಯಕ ಕಾನೂನಾಗುತ್ತದೆ, ನಿರ್ಣಯ ಹೆಚ್ಚಾಗಿ ಸದನದ ಅಥವಾ ಸಭೆಯ ಮನಸ್ಸನ್ನು ಹೇಳುತ್ತದೆ. ಅದರ ತೂಕವೆಲ್ಲ ಅದನ್ನು ಮಾಡಿದವರು ಎಷ್ಟು ಯೋಚಿಸಿ ಮಾಡಿದರು ಎಂಬುದರಲ್ಲಿದೆ. ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ. 2014ರ ಮಾರ್ಚಿನಿಂದ 2024ರ ಜುಲೈ 31ರವರೆಗೆ ಕೇಂದ್ರ ಸರ್ಕಾರ ಆರು ಸಲ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರೊಳಗೆ ಬರುತ್ತದೆ. ಈ ಮೂರು ತಾಲ್ಲೂಕಿನ ಹಳ್ಳಿಗಳೂ ಅದರಲ್ಲಿವೆ. ಮಲೆನಾಡಿನ ಗ್ರಾಮಸಭೆಗಳಲ್ಲಿ ವಿರೋಧದ ನಿರ್ಣಯಗಳಾದವು. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟವೂ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಇಲ್ಲಿಯೂ ನಾನು ಕೇಳುವುದು ಅದೇ: ಓದಿದವರು ಎಷ್ಟು ಮಂದಿ? ಕರಡಿನಲ್ಲಿ ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, ಭಾರಿ ಕಟ್ಟಡಗಳಿಗೆ ತಡೆ ಇದೆ. ಒಕ್ಕಲೆಬ್ಬಿಸುವುದಿಲ್ಲ, ಆಸ್ತಿ ಕೈಬದಲಿಗೆ ಅಡ್ಡಿಯಿಲ್ಲ ಎಂದೂ ಅದರಲ್ಲಿದೆ. ಆದರೆ ಊರಲ್ಲಿ ಹಬ್ಬಿದ್ದು ತೋಟ ಹೋಗುತ್ತದೆ, ಮನೆ ಬಿಡಿಸುತ್ತಾರೆ ಎಂಬ ಮಾತು. ಈ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 1987ರ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯ ಮೇಲೆ ಕೆರೆಕಟ್ಟೆ ಕಡೆಯ ಜನ ಪಟ್ಟ ಪಾಡನ್ನು ಕಂಡವರು ಯಾವ ಅಧಿಸೂಚನೆಯನ್ನು ನಂಬಿಯಾರು? ಆ ಅಪನಂಬಿಕೆಯ ನೆಲದಲ್ಲೇ ಕೆಲವು ಮಕ್ಕಳು ಕೋವಿ ಹಿಡಿದು ಕಾಡು ಸೇರಿದರು. 2025ರ ಜನವರಿ 8ರಂದು ಮುಖ್ಯಮಂತ್ರಿಗಳ ಎದುರು ಶರಣಾದ ಆರು ನಕ್ಸಲರಲ್ಲಿ ಶೃಂಗೇರಿ ತಾಲ್ಲೂಕಿನ ಹೆಣ್ಣುಮಗಳೂ ಇದ್ದಳು. ಕಾಗದದ ಮೇಲಿನ ನಂಬಿಕೆ ಸತ್ತಾಗ ಆಗುವ ನಷ್ಟ ಅಷ್ಟು ದೊಡ್ಡದು.

ಆದರೂ ಓದದೆ ಒಪ್ಪುವುದು ಎಷ್ಟು ತಪ್ಪೋ ಓದದೆ ತಿರಸ್ಕರಿಸುವುದೂ ಅಷ್ಟೇ ತಪ್ಪು. ತುಂಗೆ, ಭದ್ರೆ ಎರಡೂ ಹುಟ್ಟುವುದು ಇದೇ ಗುಡ್ಡಗಳಲ್ಲಿ. ಆರನೇ ಕರಡು ಹೊರಬಿದ್ದದ್ದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಮಾರನೆಯ ದಿನ. ಮತ ಹಾಕಲಾರದ ನದಿ, ಇನ್ನೂ ಹುಟ್ಟದ ಮಕ್ಕಳು, ಇವರ ಪರವಾಗಿಯೂ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಲ್ಲಬೇಡವೇ? ಕ್ವಾರಿ ಬೇಡ, ತೋಟಕ್ಕೆ ಲಿಖಿತ ಭರವಸೆ ಬೇಕು, ನಮ್ಮ ಸರ್ವೆ ನಂಬರಿನಲ್ಲಿ ಯಾವುದು ಕಾಡು ಯಾವುದು ತೋಟ ಎಂದು ನಮ್ಮೆದುರೇ ಅಳೆದು ಬರೆಯಬೇಕು ಎಂಬ ನಿರ್ಣಯವೂ ಆಗಬಹುದಿತ್ತು. ಅಂಥ ನಿರ್ಣಯಕ್ಕೆ ಉತ್ತರ ಕೊಡದೆ ದೆಹಲಿಯವರು ಜಾರಿಕೊಳ್ಳುವುದು ಕಷ್ಟವಾಗುತ್ತಿತ್ತು.

ಓದಬೇಕೆಂದರೆ ಓದುವ ಭಾಷೆಯಲ್ಲಿ ಕೊಡಬೇಕು. ಆಕ್ಷೇಪಣೆಗೆ ಅರವತ್ತು ದಿನ ಕೊಟ್ಟು ಕರಡನ್ನು ಹಿಂದಿ, ಇಂಗ್ಲಿಷಿನ ಗೆಜೆಟ್ಟಿನಲ್ಲಿ ಇಟ್ಟರೆ ಅದು ಜನರನ್ನು ಕೇಳಿದಂತೆ ಆಗದು. 2020ರ ಪರಿಸರ ಪರಿಣಾಮ ಅಂದಾಜು ಕರಡು ಸ್ಥಳೀಯ ಭಾಷೆಗಳಲ್ಲಿ ಪ್ರಕಟವಾಗದ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಅದರ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತ್ತು. ಅಲ್ಲಿ ಗೆದ್ದ ನ್ಯಾಯ ಕೊಪ್ಪದ ಹೋಬಳಿಗಳಿಗೂ ಸಲ್ಲಬೇಕು.

ನಮ್ಮ ಪಾಲಿನ ಮಾತನ್ನೂ ಆಡದಿದ್ದರೆ ಅನ್ಯಾಯವಾದೀತು. ಶಾಸಕರು ಊರಿಗೆ ಬಂದರೆ ನಾವು ಕೇಳುವುದು ರಸ್ತೆ, ಕಾಲುಸಂಕ, ಮಗಳ ವರ್ಗಾವಣೆ. ಮದುವೆಗೆ ಬಂದರೇ ಇಲ್ಲವೇ ಎಂದು ಲೆಕ್ಕ ಇಡುತ್ತೇವೆ. ಕಳೆದ ಅಧಿವೇಶನದಲ್ಲಿ ಯಾವ ವಿಧೇಯಕದ ಮೇಲೆ ಏನು ಮಾತಾಡಿದಿರಿ ಎಂದು ಕೇಳಿದ್ದನ್ನು ನಾನು ಯಾವ ಜಗುಲಿಯಲ್ಲೂ ಕೇಳಿಲ್ಲ. ಇದೇ ಕ್ಷೇತ್ರ ಎಚ್.ಜಿ. ಗೋವಿಂದೇಗೌಡರನ್ನು ಕಳಿಸಿತ್ತು, 1994ರ ಮೇಲೆ ಶಿಕ್ಷಣ ಸಚಿವರಾಗಿ ಲಂಚದ ಸೋಂಕಿಲ್ಲದೆ, ಅರ್ಹತೆಯ ಮೇಲೆ ಶಿಕ್ಷಕರನ್ನು ನೇಮಿಸಿ ಅವರು ನಾಡಿನ ಬಡವರ ಮನೆಗಳಿಗೆ ಸಂಬಳ ತಲುಪುವಂತೆ ಮಾಡಿದರು. 1999ರಲ್ಲಿ ಇಲ್ಲಿಂದಲೇ ಗೆದ್ದ ಡಿ.ಬಿ. ಚಂದ್ರೇಗೌಡರು ವಿಧಾನಸಭೆಯ ಸ್ಪೀಕರ್ ಆಗಿದ್ದವರು, ಸಂಸತ್ತಿನ ಎರಡು ಮನೆ, ವಿಧಾನಮಂಡಲದ ಎರಡು ಮನೆ, ನಾಲ್ಕನ್ನೂ ಕಂಡವರು. ಓದಿಕೊಂಡು ಮಾತಾಡುವವರನ್ನು ಆರಿಸಿ ಕಳಿಸುವುದು ಈ ಕ್ಷೇತ್ರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ.

ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ ಇದೆ, ಕಾಯ್ದೆಯಡಿ ಅಧಿಕಾರಿಗಳು ಮಾಡುವ ನಿಯಮಗಳನ್ನು ಪರಿಶೀಲಿಸುವ ಸಮಿತಿಯೂ ಇದೆ. ಮಂತ್ರಿಗಳು ಸದನದಲ್ಲಿ ಬಗರ್‌ಹುಕುಂ ಬಗ್ಗೆ ಕೊಟ್ಟ ಮಾತು ಏನಾಯಿತೆಂದು ನಮ್ಮ ಶಾಸಕರ ಮೂಲಕ ಆ ಸಮಿತಿಗಳನ್ನು ಕೇಳಿಸಬಹುದು. ಪ್ರತಿ ವಿಧೇಯಕದ ಕೊನೆಗೆ ಬೊಕ್ಕಸದ ಲೆಕ್ಕದ ಜೊತೆ ಜನರ ಲೆಕ್ಕವನ್ನೂ ಬರೆಯಬೇಕೆಂದು ಒತ್ತಾಯಿಸಬಹುದು: ಈ ಕಾನೂನಿಗಾಗಿ ಶೃಂಗೇರಿಯವನು ಯಾವ ಊರಿನ ಯಾವ ಕಚೇರಿಗೆ ಎಷ್ಟು ಸಲ ಹೋಗಬೇಕು, ಯಾವ ಕಾಗದ ತರಬೇಕು, ತರಲಾರದಿದ್ದರೆ ಏನಾಗುತ್ತದೆ ಎಂದು. ಪಶ್ಚಿಮಘಟ್ಟದ ಅಂತಿಮ ಅಧಿಸೂಚನೆಯ ಪ್ರಶ್ನೆ ಇನ್ನೂ ತೀರಿಲ್ಲ. ನಮೂನೆ 57ರ ಅರ್ಜಿಗಳ ಗೊಂದಲವೂ ತೀರಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬ ಮೇಷ್ಟ್ರು ಆ ಕರಡಿನ ಕನ್ನಡವನ್ನು ಪುಟ ಪುಟವಾಗಿ ಜೋರಾಗಿ ಓದಲಿ, ಪ್ರತಿ ಪುಟಕ್ಕೂ ಪ್ರಶ್ನೆ ಬರಲಿ, ಪಂಚಾಯಿತಿ ಕಾರ್ಯದರ್ಶಿಗಳು ಆ ಪ್ರಶ್ನೆಗಳನ್ನೇ ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ, ಒಂದು ಪ್ರತಿ ತಹಶೀಲ್ದಾರರಿಗೆ, ಇನ್ನೊಂದು ಪ್ರತಿ ಶಾಸಕರಿಗೆ ಕಳಿಸಲಿ.